ಎದಿ ಹಗರ ಐತೇನು?

ನಮ್ಮ ಅತ್ತೆಯವರಿಗೆ ಬಲಗಿವಿ ಪೂರಾ ಹೋಗಿತ್ತು, ಎಡಗಿವಿಯಲ್ಲಿ ಅಷ್ಟಿಷ್ಟು ಉಳಿದಿತ್ತು. ಹೀಗಾಗಿ ನಮ್ಮ ಮನೆಯಲ್ಲಿ ಗುಟ್ಟು ಎನ್ನುವುದೇ ಇರಲಿಲ್ಲ. ನಾನು ಅಡುಗೆಮನೆಯಿಂದ "ಅತ್ತ್ಯಾರ, ಉಪ್ಪು ತೀರೇತ್ರಿ" ಎಂದು ಕೂಗಿದರೆ, ಅವರಿಗಿಂತ ಮೊದಲು ಎದುರು ಮನೆಯ ನೀಲವ್ವಕ್ಕ "ನಮ್ಮಲ್ಲಿ ಐತಿ, ಬಂದ ಒಯ್ಯ" ಎಂದು ಉತ್ತರ ಕೊಡುತ್ತಿದ್ದಳು. ಬೆಳಿಗ್ಗೆ ನನ್ನ ಮುಖ ಸ್ವಲ್ಪ ಊದಿಕೊಂಡಿದ್ದರೂ ಸಾಕು, ಅತ್ತೆಯವರು ಅಂಗಳದ ನಡುವೆ ನಿಂತು "ಯಾಕವಾ, ಅವನ ಕೂಡ ಜಗಳಾ ಆಡಿಯೇನು?" ಎಂದು ಕೇಳುವರು. ಹಳ್ಳಕ್ಕೆ ಬಟ್ಟೆ ಒಗೆಯಲು ಹೋಗುವ ಹೊತ್ತಿಗೆ ಅಲ್ಲಿ ನಮ್ಮ ಜಗಳದ ನ್ಯಾಯ ಮುಗಿದಿರುತ್ತಿತ್ತು. ಹೊಸದಾಗಿ ಬಂದಾಗ ನನಗೆ ಇದರಿಂದ ಸಾಕುಸಾಕಾಗಿ ಹೋಗಿತ್ತು.

ಅವರ ಹೆಸರು ಬರೆಯುವುದಿಲ್ಲ. ಅತ್ತೆಯ ಹೆಸರನ್ನು ಬಾಯಿಂದ ಹೇಳಿದವಳಲ್ಲ ನಾನು, ಈಗ ಮುದುಕಿಯಾದ ಮೇಲೆ ಕೈಯಿಂದ ಬರೆಯಲೇ? ಅವರ ಬಗ್ಗೆ ಬರಿ ಎಂದು ಹಠ ಹಿಡಿದವನು ನನ್ನ ಮಗ. ಅವನಿಗೀಗ ಮೀಸೆ ನರೆತಿದೆ, ಹಠ ಮಾತ್ರ ಕೂಸಿನದು. "ನಾಲ್ಕನೇ ಇಯತ್ತೆ ಕಲ್ತೀದಿ, ಇಷ್ಟ ಬರ್ಯಾಕ ಆಗೂದಿಲ್ಲೇನ?" ಎಂದು ಛೇಡಿಸುತ್ತಾನೆ. ಸರಿ, ಬರೆಯುತ್ತೇನೆ. ಬೈಲಹೊಂಗಲದ ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿತದ್ದು ಇನ್ನೂ ಮರೆತಿಲ್ಲ.

ಅವರು ನೋಡಲು ಉದ್ದಕ್ಕೆ, ಕಡ್ಡಿಯ ಹಾಗೆ ಇದ್ದರು. ತಪಕೀರಿನ ಚಟ. ನಡುವಿಗೆ ಸಿಕ್ಕಿಸಿದ ಪುಟ್ಟ ಹಿತ್ತಾಳೆ ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ಮೂಗಿಗೇರಿಸಿದರೆ ಬರುವ ಸೀನಿಗೆ ಕೊಟ್ಟಿಗೆಯ ಎತ್ತುಗಳು ಕಿವಿ ನಿಮಿರಿಸುತ್ತಿದ್ದವು. ಸಿಟ್ಟು ಬಂದರೆ ಬಾಯಿಗೆ ಬೇಲಿ ಇರಲಿಲ್ಲ. ಒಂದು ಸಲ ಜೋಳ ಅಳೆಯಲು ಬಂದವನೊಬ್ಬ ಸೇರಿನಲ್ಲಿ ಹೆಬ್ಬೆರಳು ಇಟ್ಟು ಅಳೆದನೆಂದು ಅವನನ್ನು ಊರ ಅಗಸಿ ಬಾಗಿಲವರೆಗೆ ಬೈಯುತ್ತ ಬಿಟ್ಟು ಬಂದಿದ್ದರು. ಬಂದು ನೀರು ಕುಡಿದು, "ಪಾಪ, ಅಂವಾ ಉಂಡಿದ್ದಿಲ್ಲ ಕಾಣತೈತಿ, ಕರದು ರೊಟ್ಟಿ ಕೊಡು" ಎಂದರು. ಅವರ ಸಿಟ್ಟು ಅಷ್ಟೇ.

ನನ್ನನ್ನು ನೋಡಲು ಅವರು ಬೈಲಹೊಂಗಲಕ್ಕೆ ಬಂದ ದಿನದಿಂದ ಶುರು ಮಾಡಬೇಕು. ಗಂಡ ತೀರಿದ ಹೆಂಗಸು ಕನ್ಯೆ ನೋಡಲು ಬರುವುದು ಆಗ ರೂಢಿಯಲ್ಲಿರಲಿಲ್ಲ. ಇವರು ಬಂದರು. ಜೊತೆಗೆ ಅವರ ಮೈದುನ, ಅಂದರೆ ನಮ್ಮವರ ಕಾಕಾ, ಮತ್ತು ಸುಮ್ಮನೆ ನೆಲ ನೋಡುತ್ತ ಕುಳಿತ ನಮ್ಮವರು. ಊಟವಾಯಿತು. ಹೋಳಿಗೆಯ ತುದಿ ಮುರಿದು ನಮ್ಮ ನಾಯಿಗೆ ಹಾಕಿದ ಹುಡುಗನನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ. ಒಳ್ಳೆಯವನು ಅಂದುಕೊಂಡೆ. ಆಗ ಅಷ್ಟು ಸಾಕಾಗಿತ್ತು.

ಗಂಡಸರು ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಅತ್ತೆಯವರು ಒಳಗೆ ಬೀಸುಕಲ್ಲಿನ ಹತ್ತಿರ ನನ್ನವ್ವನನ್ನು ಕೂರಿಸಿಕೊಂಡು, ತಾವು ಗುಟ್ಟಾಗಿ ಮಾತಾಡುತ್ತಿದ್ದೇವೆಂದೇ ತಿಳಿದು, ಇಡೀ ಮನೆಗೆ ಕೇಳುವಂತೆ ಹೇಳಿದರು:

"ಯಕ್ಕಾ, ನಿಮ್ಮ ಮನ್ಯಾಗ ಉಂಡೇನಿ. ಇನ್ನ ಸುಳ್ಳ ಹೇಳಿದ್ರ ಉಂಡದ್ದು ಮೈಗೆ ಹತ್ತೂದಿಲ್ಲ. ನನ್ನ ಗಂಡ ಪಿಳೇಗಿನ ರೋಗದಾಗ ಹೋದಾ ಅಂತ ಮಂದಿ ಹೇಳ್ತಾರ. ಅಂವಾ ಪಿಳೇಗಿನಾಗ ಹೋಗಿಲ್ಲ. ತಾನ ತನ್ನ ಜೀವಾ ಕಳಕೊಂಡ. ಅವನಕಿಂತ ಮೊದಲ ಅವನ ತಂಗಿ ಹಂಗ ಹೋದ್ಳು. ಅವರ ಮುತ್ಯಾಂದೂ ಹಂಗ ಅಂತಾರ, ಅದು ನನಗ ಖಾತ್ರಿ ಇಲ್ಲ. ನನ್ನ ಮಗ ಚಲೋ ಹುಡುಗ. ಆದ್ರ ಅದ ಮನಿ ಮಗ. ಮಗಳ್ನ ಕೊಡೂ ಮೊದಲ ಇದು ನಿಮಗ ಗೊತ್ತಿರಬೇಕು."

ಕಾಕಾ "ಅತ್ತಿಗೀ!" ಎಂದು ಎದ್ದೇ ಬಿಟ್ಟರು. ಅತ್ತೆಯವರಿಗೆ ಅದು ಕೇಳಲಿಲ್ಲ, ಅಥವಾ ಕೇಳದವರಂತೆ ಕುಳಿತರು. ನಮ್ಮವರು ಇನ್ನೂ ನೆಲವನ್ನೇ ನೋಡುತ್ತಿದ್ದರು. ಅವರ ಕಿವಿಯ ತುದಿ ಕೆಂಪಾದದ್ದು ನನಗೆ ಸಂದಿಯಿಂದ ಕಂಡಿತು.

ಗಾಡಿ ಹೋದ ಮೇಲೆ ನಮ್ಮಪ್ಪ ರುಮಾಲು ತೆಗೆದು ಗೂಟಕ್ಕೆ ಎಸೆದರು. ಅವರದು ಅರಳೆಯ ವ್ಯಾಪಾರ, ಎದುರಿನವನ ಮಾಲನ್ನು ತಿರುವಿ ತಿರುವಿ ನೋಡುವ ಅಭ್ಯಾಸ. "ಆ ಮನಿ ರಕ್ತದಾಗ ಐತಿ ಅದು. ಅಪ್ಪಗ ಬಂದದ್ದು ಮಗಗ ಬರೂದಿಲ್ಲಂತ ಯಾರ ಬರಕೊಡ್ತಾರ? ನಾ ಕೊಡೂದಿಲ್ಲ."

ನನ್ನವ್ವ ಸಾಧಾರಣವಾಗಿ ಅಪ್ಪನೆದುರು ದನಿ ಎತ್ತಿದವಳಲ್ಲ. ಅಂದು ಒಲೆಯ ಮುಂದಿನಿಂದ ಎದ್ದು ಬಂದಳು. "ಬ್ಯಾರೆ ಮನಿಯವರು ಬಂದಿದ್ರಲ್ಲ, ಅವರ ರಕ್ತದಾಗ ಏನೈತಿ ಅಂತ ಯಾರರ ಹೇಳಿದ್ರೇನು? ಕೇಳಿದ್ರ ಎಲ್ಲಾರೂ ಏನೂ ಇಲ್ಲ ಅಂತಾರ. ಈಕಿ ಕೇಳದ ಹೇಳಿದ್ಳು. ಇಂಥಾಕಿ ಉಡಿಯಾಗ ಮಗಳ್ನ ಹಾಕಿದ್ರ ನಾ ಇಲ್ಲಿ ನಿಶ್ಚಿಂತಿಯಿಂದ ಮಲಗತೇನಿ."

ಇಬ್ಬರ ವಾದ ಎಷ್ಟೋ ದಿನ ನಡೆಯಿತು. ಕೊನೆಗೆ ಅವ್ವ ಗೆದ್ದಳು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ನಾಯಿ ಮತ್ತು ಹೋಳಿಗೆಯ ಮಾತು ಹೇಳುತ್ತಿದ್ದೆನೋ ಏನೋ.

ಸಿರಸಂಗಿಯಿಂದ ಸವದತ್ತಿಗೆ ಹೋಗುವ ದಾರಿಯ ಮಗ್ಗುಲಲ್ಲಿ ನಮ್ಮ ಹಳ್ಳಿ. ಸುತ್ತಲೂ ಕರಿ ಮಣ್ಣಿನ ಎರೆ ಹೊಲ. ಮದುವೆಯಾಗಿ ಆ ಮನೆಗೆ ಹೋದ ಮೊದಲ ಸಂಜೆಯೇ ನಾನು ಅವರ ಆ ಪದ್ಧತಿಯನ್ನು ನೋಡಿದ್ದು. ದೀಪ ಹಚ್ಚಿ, ಲಿಂಗಕ್ಕೆ ಕೈಮುಗಿದು, ಅತ್ತೆಯವರು ಕಂಬಕ್ಕೆ ಒರಗಿ ಚಾಪೆಯ ಮೇಲೆ ಕುಳಿತರು. ಎದುರಿಗೆ ಹತ್ತಿಯ ಬುಟ್ಟಿ. ಕಾಳು ಬಿಡಿಸಿ ದೀಪದ ಬತ್ತಿ ಹೊಸೆಯುವುದು ಅವರ ಸಂಜೆಯ ಕೆಲಸ. ಹೊಲದಿಂದ ಬಂದ ಮಗ ಕಾಲು ತೊಳೆದು ಒಳಗೆ ಬಂದೊಡನೆ ಕೇಳಿದರು: "ಎದಿ ಹಗರ ಐತೇನು?"

"ಹಗರ ಐತೆವ್ವಾ!" ಎಂದು ನಮ್ಮವರು ಕೂಗಿದರು.

ಆಮೇಲೆ ಅತ್ತೆಯವರು ನನ್ನ ಕಡೆ ತಿರುಗಿದರು. "ನಿಂದ, ಯವ್ವಾ?"

ನನಗೆ ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮನೆಯವರು ಉಂಡಿಯಾ ಎಂದು ಕೇಳುತ್ತಾರೆ, ನೀರು ತಂದಿಯಾ ಎಂದು ಕೇಳುತ್ತಾರೆ. ಎದೆ ಹಗುರವಿದೆಯೇ ಎಂದು ಯಾರು ಕೇಳುತ್ತಾರೆ? "ಹಗರ ಐತ್ರಿ" ಎಂದೆ. ಅವರು ಕಿವಿಗೆ ಕೈ ಇಟ್ಟರು. ಮತ್ತೆ ಕೂಗಿ ಹೇಳಬೇಕಾಯಿತು. ಎದುರು ಮನೆಯಲ್ಲಿ ನೀಲವ್ವಕ್ಕ ಕಿಸಕ್ಕನೆ ನಕ್ಕದ್ದು ಕೇಳಿತು.

ನಾನು ಹೇಳಿದ್ದು ಸುಳ್ಳು. ತವರು ನೆನೆದು ಎದೆಯಲ್ಲಿ ಕಲ್ಲು ಇಟ್ಟ ಹಾಗಿತ್ತು. ಮರುದಿನ ಹಿತ್ತಿಲ ಬಣವೆಯ ಹಿಂದೆ ಅಳುತ್ತ ನಿಂತವಳನ್ನು ಅವರು ಹಿಡಿದರು. ಬೈಯುತ್ತಾರೆಂದು ಕಾದೆ. ಅವರು ತಮ್ಮ ಸೆರಗಿನಿಂದ ನನ್ನ ಮೂಗು ಒರೆಸಿ, "ಹಾಲ ಚೆಲ್ಲು, ರೊಟ್ಟಿ ಸುಡು, ನಾ ಏನೂ ಅನ್ನೂದಿಲ್ಲ. ದೀಪದ ಮುಂದ ಸುಳ್ಳ ಹೇಳಬ್ಯಾಡ. ಭಾರ ಇದ್ರ ಭಾರ ಅನ್ನು. ಅಷ್ಟ" ಎಂದರು. ಆ ಸಂಜೆ ನಾನು "ಭಾರ ಐತ್ರಿ!" ಎಂದು ಕೂಗಿದೆ. ಅವರು ಏನೂ ಉಪದೇಶ ಮಾಡಲಿಲ್ಲ. ಚಾಪೆಯ ಮೇಲೆ ಸರಿದು ಜಾಗ ಮಾಡಿ ಒಂದು ಹಿಡಿ ಹತ್ತಿ ನನ್ನ ಮಡಿಲಿಗೆ ಹಾಕಿದರು. ಸ್ವಲ್ಪ ಹೊತ್ತಿಗೆ ನೀಲವ್ವಕ್ಕ ಒಂದು ಬಟ್ಟಲು ಹಾಲುಗಿಣ್ಣ ತಂದು ನನ್ನ ಮುಂದೆ ಇಟ್ಟು, ಬೈಲಹೊಂಗಲದ ಸಂತೆಯ ಸುದ್ದಿ ಕೇಳುತ್ತ ಕುಳಿತಳು.

ಆ ಮನೆಯ ನಿಯಮ ಅದು. ಭಾರ ಎಂದವರನ್ನು ಒಬ್ಬಂಟಿ ಬಿಡುವಂತಿಲ್ಲ. ಅವರು ಹೊಲಕ್ಕೆ ಹೋದರೆ ಜೊತೆಗೆ ಒಬ್ಬರು, ಮಲಗಿದರೆ ಮಗ್ಗುಲಲ್ಲಿ ಒಬ್ಬರು. ಅವರ ಕೈಗೆ ಯಾವುದು ಸಿಗಬಾರದೋ ಅದು ಸದ್ದಿಲ್ಲದೆ ನೀಲವ್ವಕ್ಕನ ಅಟ್ಟಕ್ಕೆ ಹೋಗುತ್ತಿತ್ತು. ಯಾಕೆ ಭಾರ, ಏನಾಯಿತು ಎಂದು ಯಾರೂ ಕೆದಕುವಂತಿಲ್ಲ. "ಎತ್ತಿಗೆ ಜ್ವರ ಬಂದ್ರ ಯಾಕ ಬಂತಂತ ಅದನ್ನ ಕೇಳತೀವೇನು? ಮಗ್ಗಲದಾಗ ಕುಂಡ್ರತೀವಿ" ಎನ್ನುತ್ತಿದ್ದರು.

ಈ ಪದ್ಧತಿ ಹೇಗೆ ಬಂತು ಎಂಬುದನ್ನು ಅವರೇ ಒಂದು ದಿನ ಹತ್ತಿ ಬಿಡಿಸುತ್ತ ಹೇಳಿದರು. ನಮ್ಮ ಮಾವ ತೀರಿಕೊಂಡಾಗ ಆ ಸೀಮೆಯಲ್ಲೆಲ್ಲ ಪ್ಲೇಗಿನ ಹಾವಳಿ. ಬೇರೆ ಮನೆಯವರು ಪ್ಲೇಗಿನಿಂದ ಸತ್ತವರನ್ನು ಸಹ ಮುಚ್ಚಿಡುತ್ತಿದ್ದರು. ಸರಕಾರದವರಿಗೆ ಗೊತ್ತಾದರೆ ಮನೆಯ ಹೆಂಚು ತೆಗೆಸುತ್ತಾರೆ, ಹಾಸಿಗೆ ಸುಡಿಸುತ್ತಾರೆ, ಊರ ಹೊರಗೆ ಗುಡಿಸಲು ಹಾಕಿಸುತ್ತಾರೆ ಎಂಬ ಭಯ. ನಮ್ಮ ಕಾಕಾ ಮಾಡಿದ್ದು ಅದರ ತಿರುಗಾ ಮುರುಗಾ. ಅಣ್ಣ ಹೀಗೆ ಹೋದನೆಂದರೆ ಮನೆತನದ ಮಾನ ಹೋಗುತ್ತದೆ, ಮುಂದೆ ಹೆಣ್ಣು ಕೊಡುವವರಿಲ್ಲ, ತರುವವರಿಲ್ಲ ಎಂದು ಹೆದರಿ, ಇಲ್ಲದ ಪ್ಲೇಗನ್ನು ಬಾಯಾರೆ ಹೇಳಿಬಿಟ್ಟರು.

"ಮುಗೀತು ನೋಡು," ಅತ್ತೆಯವರು ಹೇಳಿದರು. "ಊರ ತುಂಬ ಬಳಗ ಇತ್ತು ಅವಗ. ಪಿಳೇಗ ಅಂದ ಕೂಡ್ಲೆ ಮಣ್ಣಿಗೆ ಯಾರೂ ಬರಲಿಲ್ಲ. ನನಗ ಕೊನೀ ಸಲ ಮಾರಿ ನೋಡಾಕ ಬಿಡಲಿಲ್ಲ. ಮನಿ ಹೆಂಚ ತಗದ್ರು, ಗ್ವಾಡಿಗೆ ಸುಣ್ಣಾ ಹೊಡದ್ರು. ನಮ್ಮೊಂದ ಮನೀದಲ್ಲ, ಓಣೀದ ಎಲ್ಲಾರ್ದೂ. ನೀಲವ್ವನ ನೆಲದಾಗಿನ ಹಗೇವಿನಾಗ ನೀರ ಹೊಕ್ಕು ಜೋಳ ಎಲ್ಲಾ ಕೊಳತು. ಎಲ್ಲಾರೂ ಹೊಲದಾಗ ಗುಡಸಲಾ ಹಾಕ್ಕೊಂಡು ಚಳಿಯಾಗ ನಡುಗಿದ್ವಿ. ಒಂದು ಇಲಿ ಸತ್ತಿದ್ದಿಲ್ಲ ನಮ್ಮೂರಾಗ!"

ಇಷ್ಟು ಹೇಳುವಾಗ ಅವರಿಗೆ ನಗು ಕೂಡ ಬಂತು. ಆಮೇಲೆ ಕೈ ನಿಂತಿತು.

"ನನ್ನ ಮಗ ಸಣ್ಣಾಂವ ಆಗ. ಅಪ್ಪಗ ಪಿಳೇಗ ಬಂದಿತ್ತಂತ ನಂಬಿದ್ದ. ದಿನಾ ಮುಂಜಾನೆದ್ದು ಕೈ ಎತ್ತಿ ಕಂಕಳಾ ಮುಟ್ಟಿ ನೋಡ್ಕೋತಿದ್ದ, ಪಿಳೇಗಿನ ಗಡ್ಡಿ ಎದ್ದೈತೇನಂತ. ನಾ ನೋಡಿ ಸುಮ್ನಿದ್ದೆ. ಹೇಳಿದ್ರ ಆ ಮಾತು ಅವಗ ಅಂಟೀತು ಅಂತ ಹೆದರಿಕಿ. ಕಡೀಕ ಯಾರೋ ಹುಡುಗೂರು ಹೊಳಿ ದಂಡಿಮ್ಯಾಲ ಅವಗ ಖರೆ ಹೇಳಿದ್ರು, ಚಾಷ್ಟಿ ಮಾಡಿ ನಕ್ಕೋತ. ಓಡಿ ಬಂದು ನನ್ನ ಮಾರಿ ನೋಡಿದ. ಅವತ್ತ ಅಂದ್ಕೊಂಡೆ, ಇನ್ನ ಈ ಮನ್ಯಾಗ ಇದನ್ನ ಮುಚ್ಚೂದಿಲ್ಲ. ಕೂಡಿಸಿಕೊಂಡು ಎಲ್ಲಾ ಹೇಳಿದೆ. ಅಪ್ಪ ಕೆಟ್ಟಾಂವ ಅಲ್ಲ, ಜಡ್ಡ ಬಿದ್ದಿದ್ದ, ನಮಗ ಯಾರಿಗೂ ತಿಳೀಲಿಲ್ಲ, ಅವಗ ಹೇಳಾಕ ಬರಲಿಲ್ಲ ಅಂತ. ಅವತ್ತ ಸಂಜೀಕ ಮೊದಲ ಸಲ ಕೇಳಿದೆ, ಎದಿ ಹಗರ ಐತೇನಪಾ ಅಂತ."

ನಾನು ಮೆಲ್ಲಗೆ ಕೇಳಿದೆ, ಅಂದರೆ ಕೂಗಿಯೇ ಕೇಳಿದೆ: "ಅತ್ತ್ಯಾರ, ರಕ್ತದಾಗ ಬರ್ತೈತಿ ಅಂತಾರಲ್ರಿ, ಖರೆ ಏನ್ರಿ?"

"ಬರಬಹುದು," ಅಂದರು ಅವರು, ತಪಕೀರು ಏರಿಸುತ್ತ. "ಈ ಮನಿಯವರ ಮೂಗ ನೋಡೀದೇನು? ಗಿಳಿ ಕೊಕ್ಕಿನಂಗ. ಅಪ್ಪಂದು, ತಂಗೀದು, ಮಗಂದು, ಎಲ್ಲಾರ್ದೂ ಒಂದ. ಮೂಗ ಬಂದಂಗ ಇದೂ ಬಂದಿರಬಹುದು. ಆದ್ರ ನಮ್ಮ ಮೈದುನಂದೂ ಅದ ಮೂಗು. ಅವಗ ಒಂದ ದಿನಾ ಎದಿ ಭಾರ ಆಗಿಲ್ಲ, ಉಂಡ್ರ ಹೊಟ್ಟಿ ಭಾರ ಆಗತೈತಿ ಅಷ್ಟ. ಎಲ್ಲಾರಿಗೂ ಬರೂದಿಲ್ಲ. ಬಂದಾವರೆಲ್ಲಾ ಹೋಗೂದೂ ಇಲ್ಲ. ನಾನೂ ನೀನೂ ಹೊರಗಿನಿಂದ ಬಂದಾವರು. ನಮಗ ದೂರದಿಂದ ಕಾಣತೈತಿ. ನೋಡೂದು ನಮ್ಮ ಕೆಲಸ."

ಆಮೇಲೆ ನನಗೆ ಮಗ ಹುಟ್ಟಿದ. ಮೂಗು ನೋಡಿದೊಡನೆ ಎಲ್ಲರೂ ನಕ್ಕರು. ನಮ್ಮ ಕಡೆ ಮೊದಲ ಗಂಡು ಕೂಸಿಗೆ ತೀರಿದ ಅಜ್ಜನ ಹೆಸರಿಡುವುದು ರೂಢಿ. ಆದರೆ ಹೀಗೆ ಹೋದವರ ಹೆಸರನ್ನು ಯಾರೂ ಇಡುವುದಿಲ್ಲ. ಹೆಸರಿನ ಜೊತೆ ಹಣೆಬರಹವೂ ಬರುತ್ತದೆ ಎಂಬ ಹೆದರಿಕೆ. ಅತ್ತೆಯವರು ಅದೇ ಹೆಸರು ಎಂದು ಕುಳಿತರು. ಕಾಕಾ ಬೇಡವೆಂದರು. ನನ್ನಪ್ಪ ಬೈಲಹೊಂಗಲದಿಂದ ಹೇಳಿ ಕಳಿಸಿದರು. ತೊಟ್ಟಿಲಲ್ಲಿ ಕೂಸಿನ ಕಿವಿಗೆ ಹೆಸರು ಹೇಳಬೇಕಾದ ನನ್ನ ನಾದಿನಿ, ಕಾಕಾನ ಮಗಳು, "ನನ್ನ ನಾಲಗೀಲೆ ಆ ಹೆಸರು ಹೇಳಸಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳತೇನಿ" ಎಂದು ಅತ್ತಳು. ನಾನೂ ಹೆದರಿದ್ದೆ. ಕೂಸನ್ನು ಎದೆಗೆ ಅವುಚಿಕೊಂಡು ಬೇರೆ ಹೆಸರಿಡಲಿ ದೇವರೇ ಎಂದು ಬೇಡಿಕೊಂಡಿದ್ದೆ.

ಅತ್ತೆಯವರು ಎಲ್ಲರ ಮುಖ ನೋಡಿದರು. "ಹೆಸರ ತಪ್ಪಿಸಿದ್ರ ಮೂಗ ತಪ್ಪಿತೇನು? ಹೊಲಾ ಉಳೂವಾಗ ಹಾಡ ಹಾಡ್ತಿದ್ದ ಅಂವಾ. ಮಂದಿ ನಿಂತ ಕೇಳ್ತಿದ್ರು. ಒಂದ ಕೆಟ್ಟ ದಿನಾ ಬಂತಂತ ಉಳದ ದಿನಾ ಎಲ್ಲಾ ಅಳಸಿ ಹಾಕೂದೇನು?" ಎಂದರು. ಅವರ ದನಿ ಒಡೆಯಿತು. ನಾದಿನಿ ತೊಟ್ಟಿಲಿನಿಂದ ಹಿಂದೆ ಸರಿದಳು. ಆಗ ಅವರೇ ತೊಟ್ಟಿಲಿಗೆ ಬಗ್ಗಿ, ವಿಧವೆ ಮುಟ್ಟಬಾರದು ಗಿಟ್ಟಬಾರದು ಎಂಬುದನ್ನೆಲ್ಲ ಬದಿಗಿಟ್ಟು, ಕಿವಿಯಲ್ಲಿ ಪಿಸುಗುಡಬೇಕಾದ ಹೆಸರನ್ನು ತಮ್ಮ ಕಿವುಡು ದನಿಯಲ್ಲಿ ಕೂಗಿದರು. ಕೂಸು ಬೆಚ್ಚಿ ಕಿರುಚಿತು. ಓಣಿಗೆಲ್ಲ ಆ ಹೆಸರು ಕೇಳಿತು. ಎಷ್ಟೋ ವರ್ಷಗಳಿಂದ ಯಾರೂ ಬಾಯಿಗೆ ತಾರದ ಹೆಸರು ಅದು. ನೀಲವ್ವಕ್ಕ ಸೆರಗಿನಿಂದ ಕಣ್ಣೊತ್ತಿಕೊಂಡಳು.

ನಮ್ಮವರಿಗೆ ಆ ದೊಡ್ಡ ಭಾರ ಬಂದದ್ದು ಇದಾದ ಕೆಲವು ವರ್ಷಗಳ ಮೇಲೆ, ಒಳ್ಳೆಯ ಸುಗ್ಗಿಯಲ್ಲಿ. ಅದನ್ನೇ ನಾನು ಇಂದಿಗೂ ಯೋಚಿಸುತ್ತೇನೆ. ಜೋಳ ಚೆನ್ನಾಗಿ ಬಂದಿತ್ತು, ಹತ್ತಿಯೂ ಬಂದಿತ್ತು. ಮಗ ಅಂಗಳದ ತುಂಬ ಓಡಾಡುತ್ತಿದ್ದ. ಕಾರಣವೆಂದು ಬೆರಳಿಟ್ಟು ತೋರಿಸುವಂಥದ್ದು ಏನೂ ಇರಲಿಲ್ಲ. ಅವರು ಸಣ್ಣಗೆ ಕರಗುತ್ತ ಬಂದರು. ಊಟ ಕಡಿಮೆಯಾಯಿತು, ಕೋಳಿ ಕೂಗುವ ಮೊದಲೇ ಎದ್ದು ಕಟ್ಟೆಯ ಮೇಲೆ ಕೂರುವರು. ಸಂಜೆ ಮಾತ್ರ ತಪ್ಪದೆ "ಹಗರ ಐತೆವ್ವಾ" ಎನ್ನುತ್ತಿದ್ದರು. ಅತ್ತೆಯವರು ನೋಡಿಯೇ ನೋಡುತ್ತಿದ್ದರು. ಒಂದು ದಿನ ನನ್ನ ಬಳಿ, "ನಾ ಕೇಳೂ ಮೊದಲ ಹೇಳಾಕ ಹತ್ತ್ಯಾನ. ನನಗ ಚಲೋ ಕಾಣವಲ್ದು" ಎಂದರು.

ಹಾಗಿರುವಾಗ ಒಂದು ಮಧ್ಯಾಹ್ನ ಕಾಕಾ ನಗುತ್ತ ಬಂದರು. ಕೈಯಲ್ಲಿ ನಮ್ಮ ಎತ್ತುಗಳ ಗೆಜ್ಜೆಸರ. ನಮ್ಮವರು ಜೀವದಂತೆ ಇಟ್ಟುಕೊಂಡಿದ್ದ ಸರಗಳು ಅವು. ಕಿತ್ತೂರಿನಿಂದ ತಾವೇ ಆರಿಸಿ ತಂದದ್ದು, ಪ್ರತಿ ಅಮಾವಾಸ್ಯೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು. "ನಿಮ್ಮ ಹುಡುಗಗ ದೊಡ್ಡ ಮನಸ್ಸು ಬಂದೈತಿ ನೋಡ್ರಿ ಅತ್ತಿಗಿ," ಎಂದರು ಕಾಕಾ, ಸರ ಅಲ್ಲಾಡಿಸುತ್ತ. "ಹೊಲದಾಗ ಕರದು ನೀವ ಇಟ್ಕೋರಿ ಅಂತ ಕೊಟ್ಟಾನ."

ಗೆಜ್ಜೆಯ ಸದ್ದು ಅತ್ತೆಯವರಿಗೆ ಕೇಳುತ್ತಿರಲಿಲ್ಲ. ಕಣ್ಣಿಗೆ ಕಂಡಿತು. ತಪಕೀರಿನ ಡಬ್ಬಿಯನ್ನು ಅಲ್ಲೇ ನೆಲದ ಮೇಲೆ ಬಿಟ್ಟು ಎದ್ದರು. ಡಬ್ಬಿ ಬಿಟ್ಟು ಅವರು ಹೊರಗೆ ಕಾಲಿಟ್ಟದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಬಿಸಿಲಲ್ಲಿ ಬರಿಗಾಲಲ್ಲಿ ಎರೆ ಹೊಲದ ಬಿರುಕು ದಾಟುತ್ತ ಓಡಿದರು. ಮಗನನ್ನು ನೀಲವ್ವಕ್ಕನ ಕೈಗೆ ಕೊಟ್ಟು ನಾನೂ ಹಿಂದೆ ಓಡಿದೆ.

ನಮ್ಮವರು ಬೇವಿನ ಗಿಡದ ಕೆಳಗೆ ಸುಮ್ಮನೆ ಕುಳಿತಿದ್ದರು. ನಮ್ಮನ್ನು ನೋಡಿ ಏಳಲೂ ಇಲ್ಲ. ಅತ್ತೆಯವರು ಏದುಸಿರು ಬಿಡುತ್ತ ಎದುರಿಗೆ ಕುಳಿತು ಅವರ ಎರಡೂ ಕೈ ಹಿಡಿದರು.

"ನಿಮ್ಮಪ್ಪ ಹೋಗೂ ಮೊದಲ ತನ್ನ ಜರತಾರಿ ರುಮಾಲ ತಗದು ನಿಮ್ಮ ಕಾಕಾಗ ಕೊಟ್ಟಿದ್ದ. ಹಿಂಗ, ನಗನಗತ. ನಾ ಖುಷಿಪಟ್ಟಿದ್ದೆ. ಅಣ್ಣ ತಮ್ಮರಾಗ ಪ್ರೀತಿ ಬಂತಂತ ಶಾವಿಗಿ ಮಾಡಿದ್ದೆ ಅವತ್ತ. ಈ ಸಲಾ ನಾ ಶಾವಿಗಿ ಮಾಡೂದಿಲ್ಲ, ತಮ್ಮಾ. ನೆಟ್ಟಗ ಕೇಳತೇನಿ. ಸಾಯಬೇಕು ಅನಸಾಕ ಹತ್ತೈತೇನು?"

ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಅಂಥ ಮಾತನ್ನು ಹೆತ್ತ ತಾಯಿ ಆಡುವುದೇ! ಆಡಿದರೆ ಆಗಿಯೇ ಬಿಡುತ್ತದೆ ಎಂದು ನಂಬಿ ಬೆಳೆದವಳು ನಾನು. ನಮ್ಮವರ ತುಟಿ ಅಲುಗಿತು. "ಹೌದು" ಎಂದದ್ದು ನನಗೆ ಕೂಡ ಅರ್ಧ ಕೇಳಿತು.

"ಕೇಳಸಲಿಲ್ಲ," ಎಂದರು ಅತ್ತೆಯವರು. "ಗಟ್ಟಿ ಹೇಳು."

"ಹೌದವ್ವಾ..."

"ಕೇಳಸಲಿಲ್ಲೋ ನನ ಕೂಸ!"

"ಹೌದವ್ವಾ! ಅನಸಾಕ ಹತ್ತೈತಿ! ದಿನಾ ಅನಸಾಕ ಹತ್ತೈತಿ!" ಅವರು ಕೂಗಿದ ಕೂಗಿಗೆ ಬೇವಿನ ಗಿಡದ ಹಕ್ಕಿಗಳು ಹಾರಿದವು. ಪಕ್ಕದ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದವರು ಸೊಂಟ ನೆಟ್ಟಗೆ ಮಾಡಿ ನಿಂತು ನೋಡಿದರು. ಆಮೇಲೆ ಅವರು ತಾಯಿಯ ಮಡಿಲಲ್ಲಿ ತಲೆಯಿಟ್ಟು ಅತ್ತರು. ಅಷ್ಟು ದೊಡ್ಡ ಗಂಡಸು ಹಾಗೆ ಅಳುವುದನ್ನು ನಾನು ಕಂಡಿರಲಿಲ್ಲ. ಅತ್ತೆಯವರು ಬೆನ್ನು ಸವರುತ್ತ, "ಹೇಳಿದ್ಯಲ್ಲ, ನನ್ನ ಮಗನ, ಹೇಳಿದ್ಯಲ್ಲ. ನಿಮ್ಮಪ್ಪಗ ಇದು ಆಗಲಿಲ್ಲ. ಇನ್ನ ಮುಂದಿನ ಕೆಲಸ ನಮ್ಮದು" ಎಂದು ಅದನ್ನೇ ಮತ್ತೆ ಮತ್ತೆ ಹೇಳಿದರು.

ಬಹಳ ದಿನಗಳ ಮೇಲೆ, ಎಲ್ಲ ತಿಳಿಯಾದ ಮೇಲೆ, ನಾನು ಅವರನ್ನು ಕೇಳಿದ್ದೆ: "ಅತ್ತ್ಯಾರ, ಅವತ್ತ ಹೊಲದಾಗ ಅವರು ಮೊದಲ ಸಲ ಅಂದಾಗನ ನಿಮಗ ತಿಳದಿತ್ತಲ್ರಿ?" ಅವರು ತಪಕೀರು ಏರಿಸಿ, ಕೊಟ್ಟಿಗೆ ನಡುಗುವಂತೆ ಸೀನಿ, "ಯಾರಿಗೆ ಗೊತ್ತವಾ, ನಾ ಕಿವುಡಿ" ಎಂದರು.

ಆದರೆ ತಿಳಿಯಾಗುವುದು ಒಂದೆರಡು ದಿನದ ಮಾತಾಗಿರಲಿಲ್ಲ. ಸವದತ್ತಿಯ ವೈದ್ಯರು ಬಂದು ನಿದ್ದೆಗೆ ಲೇಹ್ಯ ಕೊಟ್ಟರು, ತಲೆಗೆ ಎಣ್ಣೆ ಹೇಳಿದರು. ಅದರಿಂದ ಎಷ್ಟು ಗುಣವಾಯಿತೋ, ಮಗ್ಗುಲಲ್ಲಿ ಕುಳಿತವರಿಂದ ಎಷ್ಟಾಯಿತೋ ನಾನು ಹೇಳಲಾರೆ. ಅಂದು ಸಂಜೆಯೇ ಕಾಕಾ ಕಂಬಳಿ ದಿಂಬು ಹೊತ್ತು ಬಂದರು. ಗೆಜ್ಜೆಸರ ಗೂಟಕ್ಕೆ ತೂಗುಹಾಕಿ, ಅಣ್ಣನ ಮಗನ ಹಾಸಿಗೆಯ ಪಕ್ಕದಲ್ಲಿ ತಮ್ಮದನ್ನು ಬಿಚ್ಚಿದರು. ಜೀವನವೆಲ್ಲ ಮುಚ್ಚಿಟ್ಟ ಮನುಷ್ಯ. ಗೋಡೆಯ ಕಡೆ ಮುಖ ಮಾಡಿ, "ಅಣ್ಣನ ಮಗ್ಗಲಕ ಮಲಗಿದ್ದಿಲ್ಲ ನಾ. ಇವನ ಮಗ್ಗಲಕ ಮಲಗತೇನಿ" ಎಂದರು. ಹಗಲು ಓಣಿಯವರು ಒಬ್ಬರಲ್ಲ ಒಬ್ಬರು ಬರುವರು. ಅವರಲ್ಲಿ ಒಬ್ಬ ಹಗ್ಗ ಹೊಸೆಯುವ ಕೆಲಸ ಹಿಡಿದು ಬಂದಿದ್ದ, ಅವನಿಗೆ ಅತ್ತೆಯವರು "ನಿನ್ನ ಹಗ್ಗಾ ನಿನ್ನ ಮನ್ಯಾಗ ಹೊಸಿ, ಇಲ್ಲಿ ಬಂದು ಬರೇ ಹರಟಿ ಹೊಡಿ" ಎಂದು ಗದರಿಸಿದ್ದರು. ದಿನಗಳು ಸರಿದವು. ಒಂದು ಬೆಳಿಗ್ಗೆ ನಮ್ಮವರು ತಾವಾಗಿ ಇನ್ನೊಂದು ರೊಟ್ಟಿ ಕೇಳಿದರು. ನಾನು ಒಲೆಯ ಹೊಗೆಯ ನೆಪದಲ್ಲಿ ಕಣ್ಣು ಒರೆಸಿಕೊಂಡೆ. ಮುಂದೆಯೂ ಆ ಭಾರ ಆಗಾಗ ಬಂದಿತ್ತು. ಪ್ರತಿ ಸಲ ಅವರು ತಾವೇ ಬಂದು ಹೇಳಿದರು. ಮೊಮ್ಮಕ್ಕಳನ್ನು ಆಡಿಸಿ, ಮುಪ್ಪಿನಲ್ಲಿ, ಕೆಮ್ಮಿನ ಜ್ವರದಲ್ಲಿ, ನನ್ನ ಕೈ ಹಿಡಿದು ಹೋದರು.

ಅತ್ತೆಯವರ ಕೊನೆಯ ವರ್ಷಗಳಲ್ಲಿ ಎಡಗಿವಿಯೂ ಹೋಯಿತು. ಕೂಗಿದರೂ ಕೇಳದು. ಆದರೂ ಸಂಜೆಯ ಆ ಪ್ರಶ್ನೆ ಕೇಳುವುದನ್ನು ಬಿಡಲಿಲ್ಲ. ದೀಪ ಹಚ್ಚಿದ ಮೇಲೆ ಒಬ್ಬೊಬ್ಬರನ್ನೇ ಕರೆದು, ಎದೆಯ ಮೇಲೆ ತಮ್ಮ ಅಂಗೈ ಇಟ್ಟು ಕಣ್ಣಲ್ಲಿ ಕಣ್ಣಿಟ್ಟು ನೋಡುವರು. ನಾವು ತಲೆ ಅಲ್ಲಾಡಿಸುವೆವು. ಮೊಮ್ಮಗ ಮಾತ್ರ ಅಜ್ಜಿಗೆ ಕೇಳಲಿ ಬಿಡಲಿ ಕೂಗಿಯೇ ಉತ್ತರ ಕೊಡುತ್ತಿದ್ದ. ಹಾಗೆ ಕೂಗುವುದು ಆ ಮಾತಿನ ಭಾಗವೆಂದೇ ಅವನು ತಿಳಿದಿದ್ದ. ಒಂದು ಮುಂಜಾನೆ ಹತ್ತಿಯ ಬುಟ್ಟಿಯ ಪಕ್ಕದಲ್ಲೇ, ಕಂಬಕ್ಕೆ ಒರಗಿದ ಹಾಗೆಯೇ ಅವರ ಉಸಿರು ನಿಂತಿತ್ತು. ಮಣ್ಣಿಗೆ ಊರಿಗೆ ಊರೇ ಬಂತು. ಅವರ ಗಂಡನ ಮಣ್ಣಿಗೆ ಬಾರದೆ ಉಳಿದ ಜನವೂ ಅಂದು ಬಂದರು ಅಂದುಕೊಂ‍ಡೆ ನಾನು.

ಕಾರ್ಯಗಳೆಲ್ಲ ಮುಗಿದು ನೆಂಟರು ತಿರುಗಿ ಹೋದ ಮೇಲೆ ನಾವು ಮೂವರೇ ಉಳಿದ ಮೊದಲ ಸಂಜೆ. ದೀಪ ಹಚ್ಚಿದೆ. ಕಂಬದ ಕೆಳಗಿನ ಚಾಪೆ ಖಾಲಿ ಇರುವುದನ್ನು ನೋಡಲಾಗದೆ ನಾನೇ ಹೋಗಿ ಅಲ್ಲಿ ಕುಳಿತೆ. ಬುಟ್ಟಿ ಎಳೆದುಕೊಂಡೆ. ನಮ್ಮವರು ಹೊರಗೆ ಕಟ್ಟೆಯ ಮೇಲಿದ್ದರು. ಕೇಳಬೇಕು ಎಂದುಕೊಂಡೆ. ಅತ್ತೆಯವರ ಮಾತು ನನ್ನ ಬಾಯಲ್ಲಿ ಬರಲಿಲ್ಲ. ಮನೆ ಹಾಗೆ ಸುಮ್ಮನಿದ್ದದ್ದು ನಾನು ಬಂದ ಮೇಲೆ ಅದೇ ಮೊದಲು.

ಮಗ ಕೊಟ್ಟಿಗೆಯಿಂದ ಬಂದ. ಆಗಷ್ಟೇ ಮೀಸೆ ಮೂಡುತ್ತಿದ್ದ ವಯಸ್ಸು. ಅದೇ ಮೂಗು, ಅದೇ ಹೆಸರು. ಅಜ್ಜಿ ಇರುವಾಗಲೇ, ಸುಗ್ಗಿಯ ಹೊತ್ತಿನಿಂದಲೇ ಅವನು ಮಾತು ಕಡಿಮೆ ಮಾಡಿದ್ದ. ಬೆಳೆಯುವ ಹುಡುಗ, ಆಮೇಲೆ ಅಜ್ಜಿಯ ದುಃಖ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಹೊಸ್ತಿಲ ಒಳಗೆ ನಿಂತು ನನ್ನನ್ನು ನೋಡಿದ, ಚಾಪೆ ನೋಡಿದ, ದೀಪ ನೋಡಿದ. ಯಾರಾದರೂ ಕೇಳಲಿ ಎಂದು ಕಾದ. ಯಾರೂ ಕೇಳಲಿಲ್ಲ. ನನ್ನ ಎರಡೂ ಕಿವಿ ನೆಟ್ಟಗಿದ್ದವು. ಆದರೂ ಅವನು ಉಸಿರೆಳೆದುಕೊಂಡು ಅಜ್ಜಿಗೆ ಹೇಳುವ ಹಾಗೆಯೇ ಕೂಗಿದ:

"ಯವ್ವಾ! ನನ್ನ ಎದಿ ಭಾರ ಐತಿ! ಭಾಳ ದಿನಾ ಆತು!"

ತೊಟ್ಟಿಲ ದಿನದಿಂದ ಎದೆಯಲ್ಲಿ ಬಚ್ಚಿಟ್ಟ ಹೆದರಿಕೆ ಎದ್ದು ಬಂತು. ಕೈಯಲ್ಲಿದ್ದ ಹತ್ತಿ ಬಿತ್ತು. ಆದರೆ ಹುಡುಗ ಹೇಳಿದ್ದ. ಕೇಳದೇ ಹೇಳಿದ್ದ. ನಾನು ಚಾಪೆಯ ಮೇಲೆ ಸರಿದು ಜಾಗ ಮಾಡಿದೆ. "ಬಾ ನನ ಕೂಸ, ಇಲ್ಲಿ ಕುಂಡ್ರು" ಎಂದೆ. ನಮ್ಮವರು ಕಟ್ಟೆಯಿಂದ ಎದ್ದು ಒಳಗೆ ಬಂದರು. ಮಗನ ಇನ್ನೊಂದು ಮಗ್ಗುಲಿಗೆ ಕುಳಿತು, ತಮ್ಮ ದೊಡ್ಡ ಅಂಗೈಯನ್ನು ಅವನ ಎದೆಯ ಮೇಲಿಟ್ಟರು.

ಓಣಿಯ ಆಚೆಯಿಂದ ನೀಲವ್ವಕ್ಕನ ಮುದಿ ದನಿ ಕೇಳಿತು: "ಯಾರಿಗವಾ ಭಾರ ಆಗಿದ್ದು? ತಡೀರಿ, ಬಾಗಲಾ ಹಾಕಿ ನಾನೂ ಬರತೇನಿ."